ಹುಲ್ಲಿನ ಬೆಟ್ಟ ಬೀಳುಭೂಮಿಯಲ್ಲ

(ಪುಷ್ಪಗಿರಿ–ಬಿಸಿಲೆ ಭಾಗಕ್ಕೆ ಅಧ್ಯಯನ ಪ್ರವಾಸ ಹೊರಟಿದ್ದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಹೊಳೆನರಸೀಪುರದಲ್ಲಿ ಮಾಡಿದ ಭಾಷಣದ ಪಾಠ)



ನಾಳೆ ಬೆಳಗಿನ ಜಾವ ನೀವು ಬಿಸಿಲೆ ಘಟ್ಟದ ಕಡೆಗೆ ಹೊರಡುತ್ತಿದ್ದೀರಿ. ಅಲ್ಲಿಂದ ಬಳಸಿಕೊಂಡು ಸೋಮವಾರಪೇಟೆಯ ಹಾದಿಯಾಗಿ ಪುಷ್ಪಗಿರಿ ವನ್ಯಜೀವಿಧಾಮವನ್ನು ಸೇರಲಿದ್ದೀರಿ. ಹೊರಡುವ ಮುನ್ನ ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಕರೆದರು. ಕಾಡಿನಲ್ಲಿ ಕಾಣಸಿಗುವ ಪ್ರಾಣಿಪಕ್ಷಿಗಳ ಪಟ್ಟಿ ನಿಮ್ಮ ಅಧ್ಯಾಪಕರ ಬಳಿ ಇದೆ. ನಾನು ಹೇಳಹೊರಟಿರುವುದು ಸಾಮಾನ್ಯವಾಗಿ ಯಾವ ಪಟ್ಟಿಯಲ್ಲೂ ಸೇರದ ಒಂದು ವಸ್ತುವನ್ನು ಕುರಿತು, ಹುಲ್ಲನ್ನು ಕುರಿತು.

ಮೊದಲು ನಮ್ಮ ಮನೆಯ ನೀರಿನ ವಿಚಾರವನ್ನು ನೋಡೋಣ. ಈ ಸಭೆಯಿಂದ ಸ್ವಲ್ಪ ದೂರದಲ್ಲಿಯೇ ಹರಿಯುವ ಹೇಮಾವತಿ ಹುಟ್ಟುವುದು ಮೂಡಿಗೆರೆ ಸೀಮೆಯ ಬಲ್ಲಾಳರಾಯನದುರ್ಗದ ಬೆಟ್ಟಗಳಲ್ಲಿ. ಗೊರೂರಿನ ಅಣೆಕಟ್ಟೆಯಿಂದ ಹೊರಟ ಅದರ ನಾಲೆಯ ನೀರು ಚನ್ನರಾಯಪಟ್ಟಣದ ಬಯಲನ್ನು ಮುಟ್ಟುತ್ತದೆ, ಬಾಗೂರು–ನವಿಲೆ ಸುರಂಗವನ್ನು ದಾಟಿ ತುಮಕೂರಿನತ್ತ ಸಾಗುತ್ತದೆ. ಅರಕಲಗೂಡಿನವರಿಗೆ ರಾಮನಾಥಪುರದ ಕಾವೇರಿ ಇದೆ. ಪುಷ್ಪಗಿರಿಯ ಬೆಟ್ಟಗಳಲ್ಲಿ ಹುಟ್ಟುವ ಹಾರಂಗಿ ಕೂಡಿಗೆಯ ಬಳಿ ಕಾವೇರಿಯನ್ನು ಸೇರಿ, ಆ ನೀರು ರಾಮನಾಥಪುರದ ಮೆಟ್ಟಿಲುಗಳಿಗೆ ಬರುತ್ತದೆ. ಆದುದರಿಂದ ನಾಳೆ ನೀವು ಹೋಗುತ್ತಿರುವುದು ಪರಸ್ಥಳಕ್ಕಲ್ಲ, ನಿಮ್ಮದೇ ನೀರಿನ ತವರಿಗೆ.

ಬಿಸಿಲೆಗೆ ಹೋಗುವ ದಾರಿಯಲ್ಲಿ ಮಂಕನಹಳ್ಳಿಯ ಬಳಿ ಒಂದು ದಿಣ್ಣೆ ಸಿಗುತ್ತದೆ. ದಯವಿಟ್ಟು ಅಲ್ಲಿ ಬಸ್ಸನ್ನು ನಿಲ್ಲಿಸಿರಿ. ನೋಡಲು ಏನೂ ವಿಶೇಷವಿಲ್ಲದ ಸ್ಥಳ ಅದು. ಆದರೆ ಆ ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ಕಾವೇರಿಯ ಬಳಗವನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಬೆರೆತು ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಈ ಜಲವಿಭಾಜಕದ ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆ ಮತ್ತು ಅದರ ನೆರೆಯ ಹಳ್ಳಗಳ ನೀರನ್ನು ಮೇಲೆತ್ತಿ ಬಯಲುಸೀಮೆಗೆ ಸಾಗಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಆ ಯೋಜನೆಯನ್ನು ಕುರಿತು ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ, ಇರಲಿ. ಆದರೆ ಬೆಟ್ಟವು ನೀರು ಹಿಡಿದುಕೊಳ್ಳದೆ ಹೋದರೆ ಪಂಪು ಎತ್ತುವುದಾದರೂ ಏನನ್ನು?

ಬೆಟ್ಟ ನೀರು ಹಿಡಿಯುವುದು ಹೇಗೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಿಮ್ಮ ವಯಸ್ಸಿನಲ್ಲಿ ಮೊದಲ ಸಲ ಆ ಕಡೆಗೆ ಹೋದಾಗ, ಬೋಳಾದ ನೆತ್ತಿಗಳನ್ನು ಕಂಡು ಮರುಗಿದೆ. "ಇಲ್ಲೆಲ್ಲ ಗಿಡ ನೆಟ್ಟರೆ ಎಷ್ಟು ಚೆನ್ನಾಗಿರುತ್ತಿತ್ತು" ಎಂದು ನಮಗೆ ದಾರಿ ತೋರಿಸುತ್ತಿದ್ದ ಊರಿನ ಹಿರಿಯರೊಬ್ಬರಿಗೆ ಹೇಳಿದೆ. ಅವರು ಮಾತನಾಡಲಿಲ್ಲ. ಸೊಂಟದ ಕತ್ತಿಯನ್ನು ತೆಗೆದು, ಹುಲ್ಲಿನ ಒಂದು ಬುಡದ ಪಕ್ಕದ ಮಣ್ಣನ್ನು ಗೇಣುದ್ದ ಬಗೆದು, "ಕೈಯಿಡಿ" ಎಂದರು. ಮಳೆ ನಿಂತು ಎರಡು ತಿಂಗಳಾಗಿತ್ತು. ಮಣ್ಣು ತಣ್ಣಗೆ, ಒದ್ದೆಯಾಗಿತ್ತು. ಕೂದಲಿನಂಥ ಬೇರುಗಳು ಅದನ್ನು ಹಿಡಿದುಕೊಂಡಿದ್ದವು. "ಇದನ್ನು ಬೋಳು ಅನ್ನಬೇಡಿ ತಮ್ಮಾ, ಇದು ನಮ್ಮ ಕೆರೆ" ಎಂದರು. ಅಂದು ನನಗಾದ ನಾಚಿಕೆ ಇಂದಿಗೂ ನೆನಪಿದೆ.

ವಿಜ್ಞಾನಿಗಳು ಹೇಳುವುದೂ ಇದನ್ನೇ. ಗಾಳಿಗೆ ಒಡ್ಡಿಕೊಂಡ ತೆಳುಮಣ್ಣಿನ ನೆತ್ತಿಯಲ್ಲಿ ಹುಲ್ಲು, ಎರಡು ಗುಡ್ಡಗಳ ನಡುವಿನ ಮಡಿಲಿನಲ್ಲಿ ಗಿಡ್ಡ ಮರಗಳ ದಟ್ಟವಾದ ಶೋಲಾ ಕಾಡು, ಕೆಳಗೆ ನಿತ್ಯಹರಿದ್ವರ್ಣದ ಕಾಡು: ಇದು ಪಶ್ಚಿಮಘಟ್ಟದ ಎತ್ತರದ ನೆಲದ ಸಹಜ ಏರ್ಪಾಡು. ಹುಲ್ಲು ಮಳೆಯ ಹೊಡೆತವನ್ನು ತಡೆದು ನೀರನ್ನು ಮಣ್ಣಿಗಿಳಿಸುತ್ತದೆ. ಶೋಲಾ ಅದನ್ನು ತಡೆತಡೆದು ಹಳ್ಳಕ್ಕೆ ಬಿಡುತ್ತದೆ. ಕಾಟಿ, ಕಡವೆಗಳು ಮೇಯುವುದು ಈ ಹುಲ್ಲಿನಲ್ಲಿ. ನೆಲದ ಮೇಲೆಯೇ ಗೂಡು ಕಟ್ಟುವ ಹಕ್ಕಿಗಳಿಗೆ ಬೇರೆ ಮನೆಯಿಲ್ಲ. ವರ್ಷಗಟ್ಟಲೆ ಕಾದು ಒಮ್ಮೆಗೇ ಹೂಬಿಡುವ ಗುರುಗಿ ಇರುವುದೂ ಈ ಇಳಿಜಾರುಗಳಲ್ಲಿಯೇ.

ಆದರೂ ನಮ್ಮ ಕಣ್ಣಿಗೆ, ನಮ್ಮ ಕಾಗದಪತ್ರಗಳಿಗೆ ಹುಲ್ಲಿನ ನೆಲವೆಂದರೆ ಬೀಳು, ಖರಾಬು. ಹೀಗೆ ಬರೆದ ಮೇಲೆ ಅಲ್ಲಿ ಏನು ಬೇಕಾದರೂ ಮಾಡಬಹುದು. ಹಸಿರೀಕರಣದ ಹೆಸರಿನಲ್ಲಿ ಮಲೆನಾಡಿನ ಎಷ್ಟೋ ಹುಲ್ಲುಗಾವಲುಗಳಿಗೆ ಅಕೇಶಿಯಾ ನೆಟ್ಟರು. ಈಚೆಗೆ ಅಂಥ ನೆತ್ತಿಗಳ ಮೇಲೆ ರೆಸಾರ್ಟುಗಳು ಏಳುತ್ತಿವೆ. ಬಯಲುಸೀಮೆಯಲ್ಲಿಯೂ ಇದೇ ಕಥೆ. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ಮಿತ್ರರು ಕಾವಲುಗಳನ್ನು ಬಲ್ಲಿರಿ. ಮೈಸೂರು ಅರಸರ 'ಬೆಣ್ಣೆ ಚಾವಡಿ', ಟಿಪ್ಪುವಿನ ಕಾಲದಲ್ಲಿ 'ಅಮೃತ ಮಹಲ್' ಎನಿಸಿಕೊಂಡ ಇಲಾಖೆಯ ದನಗಳಿಗಾಗಿ ಕಾದಿಟ್ಟ ಹುಲ್ಲುನೆಲಗಳವು. ಅರಸರ ಕಾಲಕ್ಕೆ ಕಾಯಲು ಯೋಗ್ಯವಾಗಿದ್ದ ಹುಲ್ಲು ನಮ್ಮ ಕಾಲಕ್ಕೆ ಬೀಳಾಯಿತು. ಕಾವಲುಗಳು ಕರಗುತ್ತ ಬಂದವು.

ಪುಷ್ಪಗಿರಿಗೆ ಕಾನೂನಿನ ರಕ್ಷಣೆಯಿದೆ. 1987ರಲ್ಲಿ ವನ್ಯಜೀವಿಧಾಮವಾದ ಇದರ ವಿಸ್ತೀರ್ಣ ಸುಮಾರು 103 ಚದರ ಕಿಲೋಮೀಟರು. ಯುನೆಸ್ಕೋ 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಇದೂ ಒಂದು. ಆದರೆ ಕಾನೂನು ತಡೆಯಲಾಗದ ಒಂದು ಹಾನಿಯಿದೆ, ಅದು ನಮ್ಮ ಪ್ರೀತಿಯಿಂದಲೇ ಬರುವ ಹಾನಿ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ಹೊತ್ತಿಗೆ, 1,712 ಮೀಟರು ಎತ್ತರದ ಕುಮಾರಪರ್ವತವನ್ನು ಹತ್ತಲು ಸಾವಿರಾರು ಮಂದಿ ಒಮ್ಮೆಗೇ ಬಂದರು. ಕಾಲುದಾರಿಯಲ್ಲಿ ಜಾತ್ರೆಯಂತೆ ಸಾಲು ನಿಂತಿತು. ಸರ್ಕಾರ ಕೆಲಕಾಲ ಚಾರಣವನ್ನೇ ತಡೆಯಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಆನ್‌ಲೈನ್ ವ್ಯವಸ್ಥೆ ಬಂದು, ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಜಾರಿಯಾಯಿತು.

ಮಿತಿಯೇಕೆ ಎಂದು ಕೆಲವರು ಕೇಳುತ್ತಾರೆ. ಕಾರಣ ಸರಳ. ಒಬ್ಬರ ಹಿಂದೆ ಒಬ್ಬರು ನಡೆದರೆ ಒಂದು ಕಾಲುದಾರಿ. ಮುಂದಿನವರನ್ನು ದಾಟಲು ಪಕ್ಕಕ್ಕೆ ಇಳಿದರೆ ಎರಡು. ತಿರುವನ್ನು ತಪ್ಪಿಸಲು ನೇರವಾಗಿ ಇಳಿದರೆ ಮೂರು. ತುಳಿತಕ್ಕೆ ಹುಲ್ಲಿನ ಬುಡ ಸಾಯುತ್ತದೆ, ಮಣ್ಣು ಬಾಯಿ ತೆರೆಯುತ್ತದೆ. ಬರುವ ಮಳೆಗಾಲದಲ್ಲಿ ನೀರು ಅದೇ ದಾರಿಯನ್ನು ಹಿಡಿದು ಕೊರೆಯುತ್ತದೆ. ಎರಡು ಮೂರು ಮಳೆಗಾಲ ಕಳೆದರೆ ಕಾಲುದಾರಿ ಕೊರಕಲಾಗಿ, ಆ ಮಣ್ಣು ನಮ್ಮ ಹೊಳೆಗೆ ಬರುತ್ತದೆ. ನಾವು ಬೆಟ್ಟ ನೋಡಲು ಹೋಗಿ ಬೆಟ್ಟವನ್ನೇ ಸ್ವಲ್ಪ ಸ್ವಲ್ಪವಾಗಿ ಕೆಳಗೆ ತರುತ್ತೇವೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು, ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗ ಮಣ್ಣಿನಡಿಯಾಗಿ ವಾರಗಟ್ಟಲೆ ನಿಂತದ್ದನ್ನು ನೀವು ಮರೆತಿರಲಾರಿರಿ. ಅದಕ್ಕೆ ಕಾರಣ ಚಾರಣಿಗರಲ್ಲ. ಅತಿವೃಷ್ಟಿ ಮತ್ತು ರಸ್ತೆ, ಕಟ್ಟಡಗಳಿಗಾಗಿ ಕಡಿದ ಇಳಿಜಾರುಗಳು. ಆದರೆ ಆ ಬೆಟ್ಟಗಳ ಮಣ್ಣು ಎಷ್ಟು ಸೂಕ್ಷ್ಮವೆಂಬುದನ್ನು ಆ ವರ್ಷ ನಮಗೆಲ್ಲ ತೋರಿಸಿಕೊಟ್ಟಿತು.

ಆದುದರಿಂದ ನನ್ನ ಕೋರಿಕೆಗಳು ಸಣ್ಣವು. ಇರುವ ದಾರಿಯಲ್ಲೇ, ಸಾಲಾಗಿ ನಡೆಯಿರಿ. ಬೆಂಕಿ ಹಚ್ಚಬೇಡಿರಿ, ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು. ಒಯ್ದ ಬುತ್ತಿಯ ಕಾಗದ, ಬಾಟಲಿಗಳನ್ನು ಹೊತ್ತು ತನ್ನಿರಿ. ಹಾಡು ಕೇಳುವ ಪೆಟ್ಟಿಗೆಯನ್ನು ಮನೆಯಲ್ಲೇ ಬಿಡಿರಿ. ಜಿಗಣೆ ಹತ್ತಿದರೆ ಗಾಬರಿಪಡಬೇಡಿರಿ, ಅದೂ ಆ ಕಾಡಿನ ಒಕ್ಕಲೇ. ಅರಣ್ಯ ಕಾವಲುಗಾರರ ಮಾತನ್ನು ಕೇಳಿರಿ. ಬಿಸಿಲೆಯ ವೀಕ್ಷಣಾ ಸ್ಥಳದಲ್ಲಿ ನಿಂತು ಪುಷ್ಪಗಿರಿ, ದೊಡ್ಡಬೆಟ್ಟ, ಏಣಿಕಲ್ಲುಗಳ ಸಾಲನ್ನು ನೋಡುವಾಗ ಎಲ್ಲಿ ಹುಲ್ಲಿದೆ, ಎಲ್ಲಿ ಕಾಡಿದೆ, ಯಾವ ಮಡಿಲಿನಿಂದ ನೀರು ಇಳಿಯುತ್ತಿದೆ ಎಂದು ಗುರುತು ಹಾಕಿಕೊಳ್ಳಿರಿ.

ಇನ್ನೊಂದು ಕೆಲಸ ಮಾಡಿರಿ. ಕಾಡಂಚಿನ ಹಳ್ಳಿಯವರೊಡನೆ ಮಾತನಾಡಿರಿ. ನಾವು ಒಂದು ದಿನ ಆನೆಯ ಹೆಜ್ಜೆ ಕಂಡು ಸಂತೋಷಪಟ್ಟು ಬರುತ್ತೇವೆ. ಅವರು ಆ ಹೆಜ್ಜೆಯನ್ನು ತಮ್ಮ ಗದ್ದೆಯಲ್ಲಿ ಕಾಣುತ್ತಾರೆ. ಕಾಡು ಉಳಿದರೆ ಅದರ ಫಲ ಕೆಳಗಿನ ಊರುಗಳಿಗೆ, ಅದರ ಕಷ್ಟ ಮೇಲಿನ ಊರುಗಳಿಗೆ ಎಂಬಂತಾದರೆ ಯಾವ ರಕ್ಷಣೆಯೂ ಬಹುಕಾಲ ನಿಲ್ಲದು. ಬೆಳೆನಷ್ಟದ ಪರಿಹಾರ ಹೊತ್ತಿಗೆ ಸಿಗಬೇಕೆಂಬ ಅವರ ಬೇಡಿಕೆಯಲ್ಲಿ ನೀರು ಕುಡಿಯುವ ನಮ್ಮ ದನಿಯೂ ಸೇರಬೇಕು.

ಕಾಯುವುದು ನಮಗೆ ಹೊಸದಲ್ಲ. ರಾಮನಾಥಪುರದ ವಹ್ನಿಪುಷ್ಕರಣಿಯ ಮೀನುಗಳಿಗೆ ಇಂದಿಗೂ ಯಾರೂ ಬಲೆ ಬೀಸುವುದಿಲ್ಲ. ಭಕ್ತರು ಹೊಳೆಯ ದಡದಲ್ಲಿ ನಿಂತು ಮಂಡಕ್ಕಿ ಹಾಕುತ್ತಾರೆ, ನೋಡುತ್ತಾರೆ, ಹಿಂತಿರುಗುತ್ತಾರೆ. ಹೊಳೆಯ ಒಂದು ಮಡುವಿಗೆ ನಾವು ಕೊಟ್ಟಿರುವ ಆ ಮರ್ಯಾದೆಯನ್ನು ಹೊಳೆ ಹುಟ್ಟುವ ಹುಲ್ಲಿಗೂ ಕೊಡೋಣ.

ಹೋಗಿ ಬನ್ನಿರಿ. ಬಂದ ಮೇಲೆ ನಿಮ್ಮ ನಿಮ್ಮ ಊರಿನಲ್ಲಿ ಗೋಮಾಳವೋ ಕಾವಲೋ ಎಷ್ಟು ಉಳಿದಿದೆ, ಪಹಣಿಯಲ್ಲಿ ಅದನ್ನು ಏನೆಂದು ಬರೆದಿದ್ದಾರೆ ಎಂಬುದನ್ನು ವಿಚಾರಿಸಿ ಬರೆದು ತನ್ನಿರಿ. ಅದನ್ನು ಮುಂದಿಟ್ಟುಕೊಂಡು ಮತ್ತೊಮ್ಮೆ ಕೂತು ಮಾತನಾಡೋಣ.