ಹರಕೆಯೂ ವಾಗ್ದಾನವೂ

ಪ್ರತಿವರ್ಷ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಚರ್ಚಿಗೆ ಬರುವವರೆಲ್ಲರೂ ಕ್ರೈಸ್ತರಲ್ಲ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರನಿಗೆ ನಡೆದುಕೊಳ್ಳುವ ಮನೆತನದವರೂ ಅಲ್ಲಿ ಮೇಣದ ಬತ್ತಿ ಹಚ್ಚುವುದುಂಟು. ಕಾಯಿಲೆ ವಾಸಿಯಾದರೆ ಇಷ್ಟು ಒಪ್ಪಿಸುವೆನು, ಮಗು ಹುಟ್ಟಿದರೆ ಮತ್ತೆ ಬರುವೆನು ಎಂಬುದು ಹರಕೆ. ಮನುಷ್ಯನು ದೇವರಿಗೆ ಕೊಡುವ ಮಾತು.

ಬೈಬಲ್ಲಿನಲ್ಲಿ ಹರಕೆಗಳು ಇಲ್ಲದಿಲ್ಲ. ಸಮುವೇಲನ ತಾಯಿ ಹನ್ನಳು ಹರಕೆ ಹೊತ್ತವಳೇ. ಆದರೆ ಆ ಗ್ರಂಥದ ಮುಖ್ಯ ಪ್ರವಾಹವು ಎದುರು ದಿಕ್ಕಿನದು. ಅಲ್ಲಿ ಮಾತು ಕೊಡುವವನು ದೇವರು. ಇದಕ್ಕೆ ಕನ್ನಡ ಬೈಬಲ್ಲು ಬಳಸುವ ಪದ ವಾಗ್ದಾನ. ನಮ್ಮ ಮನೆಗಳಲ್ಲಿ ಈ ಪದವು ಹೆಣ್ಣು ಕೊಡುವ ಮಾತಿಗೆ ಸಲ್ಲುತ್ತದೆ. ಹುಡುಗಿ ಇನ್ನೂ ತವರಿನಲ್ಲಿಯೇ ಇರುವಳು. ಆದರೂ ಸಂಬಂಧವು ಕುದುರಿಯೇ ಹೋಯಿತು. ಇದಕ್ಕಿಂತ ಒಪ್ಪುವ ಪದ ಸಿಕ್ಕುವುದು ಕಷ್ಟ. ತೊಡಕಿರುವುದು ಲಗ್ನದ ದಿನದಲ್ಲಿ. ಅಬ್ರಹಾಮನು ಊರು ಬಿಟ್ಟಾಗ ಅವನಿಗೆ 75 ವರ್ಷ. ಇಸಾಕನು ಹುಟ್ಟಿದಾಗ 100.

ದಾವಣಗೆರೆಯ ನಮ್ಮ ಮಿತ್ರರೊಬ್ಬರ ಮನೆಯ ಗೋಡೆಯ ಮೇಲೆ, ಹೊಸವರ್ಷದ ಆರಾಧನೆಯಲ್ಲಿ ಅವರಿಗೆ ಬಂದ ವಾಗ್ದಾನದ ಚೀಟಿಯಿತ್ತು. ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ. ದೇವರು ತನ್ನ ಜನರಿಗೆ ಹಿತವನ್ನೇ ಯೋಚಿಸಿರುವನೆಂಬ ಅರ್ಥದ್ದು. ಆ ವರ್ಷವೇ ಅವರ ಮಗನು ತೀರಿಕೊಂಡನು. ತಿಂಗಳ ತರುವಾಯ ನಾವು ಹೋದಾಗ ಚೀಟಿಯತ್ತ ಕೈತೋರಿ, “ಮೇಷ್ಟ್ರೇ, ಇದನ್ನು ತೆಗೆಯಲೋ, ಇರಲೆನ್ನಲೋ, ನೀವೇ ಹೇಳಿ” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಪಾಠ ಹೇಳುವುದನ್ನೇ ಕಸುಬು ಮಾಡಿಕೊಂಡವರಿಗೆ ಇದು ನಾಚಿಕೆಯ ಸಂಗತಿ.

ಆ ರಾತ್ರಿ ಅಧ್ಯಾಯವನ್ನು ಪೂರ್ತಿಯಾಗಿ ಓದಿದೆವು. ಅದು ಬಾಬೆಲಿಗೆ ಸೆರೆಹೋದವರಿಗೆ ಯೆರೂಸಲೇಮಿನಿಂದ ಬರೆದ ಕಾಗದ. ಎರಡೇ ವರ್ಷದಲ್ಲಿ ಎಲ್ಲವೂ ಸರಿಹೋಗುವುದೆಂದು ಹನನ್ಯನೆಂಬ ಪ್ರವಾದಿ ಸಾರಿದ್ದನು. ಜನಕ್ಕೆ ಬೇಕಾದದ್ದೂ ಅದೇ. ಯೆರೆಮೀಯನು ಎಪ್ಪತ್ತು ವರ್ಷವೆಂದನು. ಮನೆ ಕಟ್ಟಿರಿ, ತೋಟ ಹಾಕಿರಿ, ಮಕ್ಕಳಿಗೆ ಮದುವೆ ಮಾಡಿರಿ, ಸೆರೆಯೊಯ್ದವರ ಊರಿಗೂ ಒಳಿತನ್ನು ಬೇಡಿರಿ ಎಂದನು. ಗೋಡೆಯ ಮೇಲಿನ ಆ ವಚನವನ್ನು ಮೊದಲು ಕೇಳಿದವರಲ್ಲಿ ಬಹುಮಂದಿ ಬಾಬೆಲಿನಲ್ಲಿಯೇ ಮಣ್ಣಾಗತಕ್ಕವರು. ಮಾತು ಅವರಿಗೂ ಕೊಟ್ಟದ್ದೇ. ಹರಕೆಯ ಲೆಕ್ಕದಿಂದ ಇದನ್ನು ಅಳೆಯಲಾಗದು.

ಮರುದಿನ ಮಿತ್ರರಿಗೆ ಇಷ್ಟನ್ನೇ ಹೇಳಿದೆವು. ಸಮಾಧಾನವಾಯಿತೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚೀಟಿಯನ್ನು ಕೆಳಗಿಳಿಸಿ, ಹನ್ನೊಂದನೆಯ ವಚನದ ಮೇಲೆ ಉಳಿದಿದ್ದ ಸಣ್ಣ ಜಾಗದಲ್ಲಿ ಹತ್ತನೆಯದನ್ನೂ, ಎಪ್ಪತ್ತು ವರ್ಷದ ಮಾತು ಬರುವ ವಚನವನ್ನು, ತಮ್ಮ ಕೈಯಿಂದಲೇ ಬರೆದು ಮತ್ತೆ ಅದೇ ಮೊಳೆಗೆ ತೂಗುಹಾಕಿದರು.