ದಿನಕ್ಕೊಂದು ವಾಕ್ಯ



ಉರ್ದು, ಕನ್ನಡ ಕಲಿಸುವ ನಾನು ವಾಟ್ಸಾಪಿನಲ್ಲಿ ಇಂಗ್ಲಿಷ್ ಬರೆಸಲು ಹೊರಟಿದ್ದೇಕೆ ಎಂದು ನೀವು ಕೇಳಬಹುದು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿದ್ದಾಗ ಮಕ್ಕಳ ಕೈಗೆ ಬಂದ ಮೊಬೈಲ್ ಮತ್ತೆ ಕೆಳಗಿಳಿಯಲಿಲ್ಲ. ಅದರಲ್ಲಿ ಅವರು ಒತ್ತುವುದು ಇಂಗ್ಲಿಷ್ ಅಕ್ಷರ, ಬರೆಯುವುದು ಉರ್ದು ಇಲ್ಲವೆ ಕನ್ನಡ. ಅಕ್ಷರ ಬಂದಿದೆ, ವಾಕ್ಯ ಬಂದಿಲ್ಲ. ಪಾಲಕರ ಒಪ್ಪಿಗೆ ಪಡೆದು ಹತ್ತನೆಯ ತರಗತಿಯವರ ಗುಂಪು ಮಾಡಿದೆ.

ನಿಯಮ, ದಿನಕ್ಕೊಂದು ವಾಕ್ಯ. ನಮ್ಮ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕವೂ ಒಂದೇ ಸಾಲಲ್ಲವೇ? ಜನ ವರ್ಷವಿಡೀ ಅದರ ಅರ್ಥ ಹುಡುಕುತ್ತಾರೆ.

ಮೊದಲ ವಾರ 'ಐ ಸ್ಕೂಲ್ ಗೋ' ಎಂದು ಬಂತು. ನಗಬೇಡಿ. 'ಮೈಂ ಸ್ಕೂಲ್ ಜಾತಾ ಹೂಂ', 'ನಾನು ಶಾಲೆಗೆ ಹೋಗುತ್ತೇನೆ' - ನಮ್ಮ ಎರಡೂ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ಬರುತ್ತದೆ. 'ದಿ' ಎಂಬಂಥ ಪದ ನಮ್ಮಲ್ಲಿಲ್ಲ, ದೊಡ್ಡಕ್ಷರ ಸಣ್ಣಕ್ಷರದ ಭೇದವೂ ಇಲ್ಲ. ಮಗು ಮನೆಯ ಭಾಷೆಯ ಜಾಡಿನಲ್ಲೇ ಇಂಗ್ಲಿಷನ್ನು ನಡೆಸಿದೆ, ಅಷ್ಟೆ.

ಇನ್ನು ನನ್ನ ತಪ್ಪು. ಒಬ್ಬ ಹುಡುಗಿಯ ವಾಕ್ಯವನ್ನು ಗುಂಪಿನಲ್ಲೇ ತಿದ್ದಿದೆ. ಯಾರೋ ನಗುವ ಎಮೋಜಿ ಒತ್ತಿದರು. ಫೋನು ಆಕೆಯ ಅಣ್ಣನದು, ಅವನೂ ನೋಡಿದ. ಮರುದಿನದಿಂದ ಆಕೆ ಬರೆಯಲಿಲ್ಲ. ತರಗತಿಯಲ್ಲಿ ಬಳಪದಿಂದ ತಿದ್ದಿದ್ದು ಸಂಜೆಗೆ ಅಳಿದುಹೋಗುತ್ತದೆ, ಇದು ಮನೆಯವರೆಗೆ ನಡೆದುಹೋಗಿತ್ತು. ನಾನೇ ಮನೆಗೆ ಹೋಗಿ ತಪ್ಪಾಯಿತು ಎಂದೆ. ಆಕೆಯ ತಾಯಿ, "ಅದಿರ್ಲಿ ಸರ್, ನಮ್ಮ ಮನಿ ನಂಬರ್ ಎಲ್ಲಾರಿಗೂ ಕಾಣ್ತೈತ್ರಿ" ಎಂದರು. ಅದು ನನ್ನ ತಲೆಗೇ ಹೊಳೆದಿರಲಿಲ್ಲ!

ಗುಂಪನ್ನು ಮುಚ್ಚಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ. ನನ್ನ ಸಂದೇಶ ಎಲ್ಲರಿಗೂ ಹೋಗುತ್ತದೆ, ಉತ್ತರ ನನಗೊಬ್ಬನಿಗೇ ಬರುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ನೀವು ನನ್ನ ನಂಬರನ್ನು ಸೇವ್ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಸಂದೇಶ ತಲುಪದು. ಎರಡು ಮೂರು ವಾಕ್ಯಗಳನ್ನು ಹೆಸರಿಲ್ಲದೆ ಎಲ್ಲರಿಗೂ ಕಳಿಸುತ್ತೇನೆ, ಮಕ್ಕಳೇ ತಿದ್ದಬೇಕು. ಒತ್ತಿ ಬರೆದರೆ ಸ್ಪೆಲ್ಲಿಂಗನ್ನು ಫೋನೇ ತಿದ್ದಿಬಿಡುತ್ತದೆ, ಪರೀಕ್ಷೆಗೆ ಫೋನು ಬರುವುದಿಲ್ಲ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಬರೆದು ಫೋಟೋ ಕಳಿಸಬೇಕು. ಒಬ್ಬರದನ್ನೊಬ್ಬರು ಓದುವ ಸಂತೋಷ ಕಡಿಮೆಯಾಯಿತು, ಒಪ್ಪುತ್ತೇನೆ.

ತಂದೆತಾಯಂದಿರೇ, ರಾತ್ರಿ ಹತ್ತು ನಿಮಿಷ ಫೋನು ಕೊಡಿ, ಹೆಣ್ಣುಮಕ್ಕಳಿಗೂ ಕೊಡಿ. ಆ ಹುಡುಗಿ ಮೂರು ವಾರದ ಮೇಲೆ ಫೋಟೋ ಕಳಿಸಿದಳು. ಬ್ಯಾಡಗಿಯಲ್ಲಿ ಅಮ್ಮಿ ಮೆಣಸಿನಕಾಯಿ ತೊಟ್ಟು ತೆಗೆಯುತ್ತಾರೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಕ್ರಿಯಾಪದ 'ಮೈ ಮದರ್' ಪಕ್ಕದಲ್ಲೇ ಇತ್ತು.