ಹೊಳೆಯ ಎರಡು ತುದಿಗಳ ದನಿ

(ಬಾನುಲಿ ವರದಿಗಾರಿಕೆಯನ್ನು ಕಲಿಯಲು ಮುಂದಾದ ಮಲೆನಾಡಿನ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಸಾಗರ ತಾಲೂಕಿನ ಇಕ್ಕೇರಿಯ ಸಮೀಪ, ವರದಾಮೂಲದಲ್ಲಿ ಹುಟ್ಟುವ ವರದೆಯು ಬನವಾಸಿಯನ್ನು ಬಳಸಿ, ಹಾನಗಲ್ಲು ಸೀಮೆಯನ್ನು ದಾಟಿ, ಹಾವೇರಿಯ ಬಯಲಿನಲ್ಲಿ ಹರಿದು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಆ ಸಂಗಮದ ದಡದಲ್ಲಿ ಚಾಲುಕ್ಯರ ಕಾಲದ, 11ನೆಯ ಶತಮಾನದ ಗಳಗೇಶ್ವರ ದೇವಾಲಯವಿದೆ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಅದರ ಕಲ್ಲಿನ ತಳಪಾಯವನ್ನು ನೋಡಿದವರು ಮರೆಯಲಾರರು. ನದಿಯ ಮೊದಲನ್ನು ಬಲ್ಲ ಮಲೆನಾಡಿಗರಲ್ಲಿ ಅದರ ಕೊನೆಯನ್ನು ಕಂಡವರು ಕಡಿಮೆ; ಅಲ್ಲಿಯವರು ಮಾತನಾಡುವುದನ್ನು ಕೇಳಿದವರು ಇನ್ನೂ ಕಡಿಮೆ. ಬಾನುಲಿಯ ಕಸುಬನ್ನು ಕಲಿಯುವುದಕ್ಕೆ ಗಳಗನಾಥವನ್ನು ಆರಿಸಿಕೊಳ್ಳಬೇಕೆಂದು ಹೇಳುವುದು ಈ ಕಾರಣಕ್ಕಾಗಿಯೇ.

ಈ ಊರಿಗೆ ಮಾತನ್ನು ಹೊತ್ತು ತಿರುಗಿದವರ ಪರಂಪರೆಯೂ ಉಂಟು. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರಿನಿಂದಲೇ ‘ಗಳಗನಾಥ’ರೆಂದು ಪ್ರಸಿದ್ಧರಾದರು. ಮರಾಠಿಯ ಪ್ರಾಬಲ್ಯವಿದ್ದ ಸೀಮೆಯಲ್ಲಿ ಕನ್ನಡ ಕಾದಂಬರಿಗಳನ್ನು ಬರೆದು, ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿ, ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಓದುಗನು ಬರಲಿ ಎಂದು ಕಾಯದೆ ಅವನಿದ್ದಲ್ಲಿಗೆ ಹೋದರು. ಧ್ವನಿಮುದ್ರಣ ಯಂತ್ರವನ್ನು ಹೆಗಲಿಗೇರಿಸಿ ಹೊರಡುವವರು ಇಷ್ಟನ್ನು ತಿಳಿದಿದ್ದರೆ ಒಳ್ಳೆಯದು.

ಕನ್ನಡ ನಾಡಿನಲ್ಲಿ ಬಾನುಲಿಯು ಸರಕಾರದ ಕಟ್ಟಡದಲ್ಲಿ ಹುಟ್ಟಲಿಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪ್ರೇಷಕವನ್ನಿಟ್ಟು ಪ್ರಸಾರ ಆರಂಭಿಸಿದರು. ಧಾರವಾಡದ ಕೇಂದ್ರ 1950ರಲ್ಲಿಯೂ ಭದ್ರಾವತಿಯದು 1965ರಲ್ಲಿಯೂ ಬಂದವು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. ಆದರೂ ಹಳ್ಳಿಯ ಸಂಘಗಳಿಗೆ ಪರವಾನಗಿಯ ಬಾಗಿಲು ತೆರೆದದ್ದು 2006ರ ನೀತಿಯಿಂದ. ಅಷ್ಟರೊಳಗೆ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಕಾದು ಕೂರದೆ ‘ನಮ್ಮ ಧ್ವನಿ’ಯನ್ನು ಕಟ್ಟಿದ್ದರು. ಗಾಳಿಯಲ್ಲಿ ಬಿತ್ತರಿಸಲು ಅನುಮತಿಯಿರಲಿಲ್ಲವಾದ್ದರಿಂದ ತಾವು ಮುದ್ರಿಸಿದ್ದನ್ನು ತಂತಿಯ ಮೂಲಕ ಮನೆಮನೆಗೆ ಕಳುಹಿಸಿದರು. ಹಳ್ಳಿಯ ಹೆಂಗಸರೇ ಅದರಲ್ಲಿ ಧ್ವನಿಮುದ್ರಣ ಕಲಿತರೆಂಬುದು ಇಲ್ಲಿ ಮುಖ್ಯ.

2006ರ ನೀತಿಯು ಸಮುದಾಯ ಬಾನುಲಿಗೆ ಸುದ್ದಿ ಪ್ರಸಾರವನ್ನು ನಿಷೇಧಿಸಿತು. ಬಳಿಕ ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಲು ಮಾತ್ರ ಅವಕಾಶ ದೊರೆಯಿತು. ಊರಿನ ಸುದ್ದಿಯನ್ನು ಊರಿನವರೇ ಹೇಳಬಾರದೆಂಬುದು ವಿಚಿತ್ರವಾದ ನಿಯಮ. ಹೀಗಾಗಿ ಹಳ್ಳಿಯ ವರದಿಗಾರಿಕೆಯು ಬಹಳಮಟ್ಟಿಗೆ ಕಥನದ ರೂಪದಲ್ಲಿ, ಜನರ ಅನುಭವದ ರೂಪದಲ್ಲಿಯೇ ಬೆಳೆಯಬೇಕಾಯಿತು. ಅದರಿಂದ ಕಸುಬಿಗೆ ನಷ್ಟವೇನೂ ಆಗಲಿಲ್ಲವೆನ್ನಬಹುದು.

ಇನ್ನು ಕಸುಬಿನ ಮಾತು. ಯಂತ್ರವನ್ನು ಒತ್ತುವ ಮುನ್ನ ಕಿವಿಯನ್ನು ಹದಮಾಡಿಕೊಳ್ಳಬೇಕು. ಸಂಗಮದ ದಡದಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತು, ಕೇಳಿಸಿದ್ದನ್ನೆಲ್ಲ ಬರೆದಿಡಿ: ಹತ್ತಿರದ್ದು ಯಾವುದು, ದೂರದ್ದು ಯಾವುದು, ಯಾವ ಸದ್ದು ನಿಂತಾಗ ಮಾತ್ರ ಅದು ಇತ್ತೆಂದು ತಿಳಿಯಿತು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಘಾಟಿಗೆ ಕೆಮ್ಮುವವರ, ಸೀನುವವರ ಸದ್ದು ಮುದ್ರಣವಾದರೆ ಅದನ್ನು ಅಳಿಸಬೇಕಾಗಿಲ್ಲ. ವರದಿಗಾರನು ಬಾಯಿ ತೆರೆಯುವ ಮುನ್ನವೇ ಕೇಳುಗನು ಅಲ್ಲಿಗೆ ತಲುಪಿರುತ್ತಾನೆ. ಪ್ರತಿ ಸ್ಥಳದಲ್ಲಿಯೂ ಯಾರೂ ಮಾತನಾಡದಿರುವಾಗ ಒಂದು ನಿಮಿಷದ ಬರಿಯ ವಾತಾವರಣವನ್ನು ಮುದ್ರಿಸಿಕೊಳ್ಳಬೇಕು. ಮುಂದೆ ಎರಡು ಮಾತುಗಳನ್ನು ಬೆಸೆಯುವಾಗ ನಡುವಿನ ಬಿರುಕನ್ನು ಮುಚ್ಚುವುದು ಅದೇ.

ಮೈಕನ್ನು ಮಾತನಾಡುವವರ ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಹಿಡಿಯಬೇಕು. ನೇರವಾಗಿ ಹಿಡಿದರೆ ಪ, ಬ, ಭಗಳ ಉಸಿರು ಬಡಿದು ‘ಡಬ್’ ಎಂಬ ಸದ್ದು ಕೂರುತ್ತದೆ. ಹೊಳೆಯ ದಂಡೆಯ ಗಾಳಿ ಬಲು ತುಂಟ. ಸ್ಪಂಜಿನ ಹೊದಿಕೆಯಿದ್ದರೂ ಗಾಳಿಗೆ ಬೆನ್ನುಮಾಡಿ ನಿಲ್ಲುವುದು ಲೇಸು. ದುಬಾರಿ ಯಂತ್ರವಿಲ್ಲವೆಂದು ಕೊರಗಬೇಕಾಗಿಲ್ಲ. ಇಂದು ಮೊಬೈಲ್ ಫೋನೇ ಸಾಕು; ಕರೆ ಬಾರದಂತೆ ಮಾಡಿಟ್ಟುಕೊಂಡರಾಯಿತು. ಆದರೆ ಕಿವಿಗೆ ಹೆಡ್‌ಫೋನ್ ಇಲ್ಲದೆ ಮುದ್ರಿಸುವುದು ಕಣ್ಣು ಕಟ್ಟಿಕೊಂಡು ಚಿತ್ರ ತೆಗೆದಂತೆ.

ಇದಕ್ಕಿಂತ ಕಷ್ಟದ ಕಲಿಕೆ ಇನ್ನೊಂದಿದೆ. ನಮ್ಮ ಕಡೆ ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ಕಥೆ ಮುಂದೆ ಸಾಗದು. ಬಾನುಲಿಯ ಸಂದರ್ಶಕನಿಗೆ ಆ ಸೌಜನ್ಯವೇ ಶತ್ರು. ಅವನ ‘ಹೂಂ, ಹೌದು ಹೌದು’ ಎಲ್ಲವೂ ಮುದ್ರಣಗೊಂಡು, ಹೇಳುವವರ ಮಾತಿನ ಮೇಲೆಯೇ ಕುಳಿತಿರುತ್ತದೆ. ಕಣ್ಣಿನಲ್ಲಿ, ತಲೆಯಾಡಿಸುವುದರಲ್ಲಿ ಹೂಂಗುಡಲು ಕಲಿಯಬೇಕು. ‘ಅಜ್ಜಾರ, 2019ರಾಗ ಹೊಳಿ ಬಂದಾಗ ಭಾಳ ತ್ರಾಸ ಆತಲ್ಲ?’ ಎಂದು ಕೇಳಿದರೆ ‘ಹೂಂನಪಾ’ ಎಂಬುದರ ಹೊರತು ಏನೂ ಸಿಗದು. ‘ಹೊಳಿ ಬಂದ ರಾತ್ರಿ ಏನೇನಾತು, ಹೇಳ್ರಿ’ ಎಂದು ಸುಮ್ಮನಿರಬೇಕು. ಅವರು ನಿಲ್ಲಿಸಿದಾಗಲೂ ತುಸು ಕಾಯಬೇಕು. ಮೌನ ಕಳೆದ ಮೇಲೆ ಬರುವ ಮಾತು ಬಹುತೇಕ ಅತ್ಯಂತ ನಿಜವಾದ ಮಾತಾಗಿರುತ್ತದೆ. ಇಲ್ಲಿ ‘ಹೊಳೆ ಬಂತು’ ಎಂದರೆ ಪ್ರವಾಹ ಬಂತೆಂದು ಅರ್ಥ. ಅದನ್ನು ‘ನೆರೆ’ಯೆಂದೂ ‘ಪ್ರವಾಹ’ವೆಂದೂ ತಿದ್ದಿ ಹೇಳಿಸುವುದು ಸಲ್ಲದು.

ಬರೆಯುವಾಗ ಕಿವಿಗೆ ಬರೆಯಬೇಕು. ‘ಮೇಲ್ಕಂಡ’, ‘ಕೆಳಕಂಡ’ ಎಂಬುವು ಬಾನುಲಿಯಲ್ಲಿ ಅರ್ಥಹೀನ. ಅಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಅಂಕಿಗಳನ್ನು ಬಿಡಿಸಿ ಹೇಳಬೇಕು. ಅಣೆಕಟ್ಟಿನಿಂದ ಇಷ್ಟು ಕ್ಯುಸೆಕ್ ಬಿಟ್ಟರೆಂದು ಪ್ರತಿ ಮಳೆಗಾಲ ಓದುತ್ತಾರೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು, ಅಂದರೆ ಎರಡು ಕೊಡ ನೀರೆಂದು ಎಷ್ಟು ಜನ ಹೇಳಿದ್ದಾರೆ? 2024ರ ಮಾರ್ಚಿಯಲ್ಲಿ ಮೆಣಸಿನಕಾಯಿಯ ಬೆಲೆ ಕುಸಿದು ಬ್ಯಾಡಗಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದಾಗ ದೂರದರ್ಶನದ ವಾಹಿನಿಗಳಿಗೆ ಜ್ವಾಲೆ ಸಿಕ್ಕಿತು. ಬಾನುಲಿಗೆ ಜ್ವಾಲೆಯಿಂದ ಪ್ರಯೋಜನವಿಲ್ಲ. ಅದು ಬೀಜಕ್ಕೆಷ್ಟು, ಗೊಬ್ಬರಕ್ಕೆಷ್ಟು, ಬಿಡಿಸುವ ಕೂಲಿಗೆಷ್ಟು ಎಂದು ಒಬ್ಬ ರೈತನ ಲೆಕ್ಕವನ್ನು ಅವನ ಬಾಯಿಂದಲೇ ಹೇಳಿಸಬೇಕು.

ಸಂಕಲನದ ಹೊತ್ತಿಗೆ ನಿಜವಾದ ಪರೀಕ್ಷೆ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಯನ್ನು ಶಿರಸಿ, ಯಲ್ಲಾಪುರದ ಜನ ಕಾಡಿನ ಸಲುವಾಗಿ ವಿರೋಧಿಸುತ್ತ ಬಂದಿದ್ದಾರೆ. ಬೇಸಿಗೆಯಲ್ಲಿ ಬತ್ತುವ ವರದೆಯ ದಡದಲ್ಲಿ ಅದಕ್ಕಾಗಿ ಒತ್ತಾಯಿಸುವವರಿದ್ದಾರೆ. ಮಲೆನಾಡಿನ ವಿದ್ಯಾರ್ಥಿಯೊಬ್ಬಳು ಗಳಗನಾಥದ ಕಡೆಗೆ ಬಂದಾಗ ರೈತನೊಬ್ಬನು, ‘ನಮಗ ನೀರು ಬೇಕ್ರಿ. ಆದ್ರ ನಿಮ್ಮ ಅಡವಿ ಮುಳುಗಿಸಿ ಬ್ಯಾಡ’ ಎಂದನೆಂದು ಭಾವಿಸಿರಿ. ಕತ್ತರಿಯು ‘ಆದ್ರ’ದ ಮೊದಲು ಬಿದ್ದರೆ ಅವನು ಕಾಡಿನ ವೈರಿ, ಅನಂತರದ ಮಾತನ್ನಷ್ಟೇ ಇಟ್ಟರೆ ಅವನು ಚಳವಳಿಯ ಬಂಟ. ಎರಡೂ ಸುಳ್ಳು. ಆ ರೈತನು ಕಾಡಿನ ಮಾತೆತ್ತದೆ ‘ನೀರು ಬೇಕು’ ಎಂದಷ್ಟೇ ಹೇಳಿ ಎದ್ದುಹೋದರೂ ಅದನ್ನು ಹಾಗೆಯೇ ಒಯ್ದು ಮಲೆನಾಡಿನ ಕಟ್ಟೆಯ ಮೇಲೆ ಕೇಳಿಸಬೇಕು. ತಮಗೆ ಒಪ್ಪದ ದನಿಯನ್ನು ಕತ್ತರಿಸದೆ ತಮ್ಮವರಿಗೇ ಕೇಳಿಸುವ ಧೈರ್ಯವಿಲ್ಲದವರು ಕರಪತ್ರ ಬರೆಯಬಹುದು, ಬಾನುಲಿ ವರದಿಗಾರಿಕೆ ಅವರಿಂದಾಗದು. ಕರಪತ್ರವೂ ಬೇಕಾದದ್ದೇ, ಅದು ಬೇರೆ ಕೆಲಸ.

ಮುದ್ರಿಸುವ ಮುನ್ನ ಒಪ್ಪಿಗೆ ಪಡೆಯಬೇಕು, ಎಲ್ಲಿ ಕೇಳಿಸುವುದೆಂದು ತಿಳಿಸಬೇಕು. ಸಂಕಲನವಾದ ಮೇಲೆ ಸಾಧ್ಯವಾದರೆ ಹೇಳಿದವರಿಗೇ ಮೊದಲು ಕೇಳಿಸಬೇಕು. ಹೆಸರು ಬೇಡವೆಂದವರ ಹೆಸರನ್ನು ಬಿಡಬೇಕು. ಸಣ್ಣ ಊರಿನಲ್ಲಿ ದನಿಯೇ ಹೆಸರಾಗಿರುವುದರಿಂದ ಕೆಲವೊಮ್ಮೆ ದನಿಯನ್ನೂ ಬಿಡಬೇಕಾದೀತು.

ಕಲಿಯುವವರಿಗೆ ಮೊದಲ ಕೆಲಸವೊಂದು ಉಂಟು. ಮುಂಗಾರಿಗೆ ಮುನ್ನ ಇಬ್ಬಿಬ್ಬರ ತಂಡಗಳಾಗಿ ಹೊರಡಿರಿ. ಒಂದು ತಂಡ ವರದಾಮೂಲದಲ್ಲಿ, ಇನ್ನೊಂದು ಗಳಗನಾಥದಲ್ಲಿ ‘ಹೊಳೆಗೆ ನೀರು ಯಾವಾಗ ಬರುತ್ತದೆಂದು ನಿಮಗೆ ಹೇಗೆ ತಿಳಿಯುತ್ತದೆ?’ ಎಂಬ ಒಂದೇ ಪ್ರಶ್ನೆಯನ್ನು ಮೂವರಿಗೆ ಕೇಳಲಿ. ಮೇಲಿನ ಉತ್ತರಗಳನ್ನು ಕೆಳಗೂ ಕೆಳಗಿನ ಉತ್ತರಗಳನ್ನು ಮೇಲೂ ಕೇಳಿಸಿ, ಕೇಳಿದವರು ಏನೆಂದರೆಂಬುದನ್ನೂ ಮುದ್ರಿಸಿರಿ. ಕತ್ತರಿಸದ ಮೂಲ ಮುದ್ರಣಗಳಿಗೆ ದಿನಾಂಕ, ಊರು, ಹೊತ್ತು ಬರೆದು ಬೇರೆಯಾಗಿಡಿರಿ. ಸಂಕಲಿಸಿದ ಕಾರ್ಯಕ್ರಮ ಎಂಟು ನಿಮಿಷ ಮೀರದಿರಲಿ.